ಪಂಜಾಬಿ ಕಿರುಚಿತ್ರಗಳು ಮತ್ತು ಜನಪದ ದನಿಯ ಪ್ರಶ್ನೆ

ಪಂಜಾಬಿನ ಜಾನಪದವೆಂದೊಡನೆ ದೇಶದ ಉಳಿದ ಭಾಗಗಳ ಜನರ ಕಣ್ಣೆದುರು ಬಂದು ನಿಲ್ಲುವ ಚಿತ್ರವೊಂದಿದೆ: ಹಳದಿ ಸಾಸಿವೆಯ ಹೊಲ, ಬಣ್ಣದ ಪೇಟ, ಢೋಲಿನ ಬಡಿತಕ್ಕೆ ಎರಡೂ ತೋಳುಗಳನ್ನು ಮೇಲೆತ್ತಿ ಕುಣಿಯುವ ಗಂಡಸು. ಗಣರಾಜ್ಯೋತ್ಸವದ ಮೆರವಣಿಗೆ, ಹಿಂದಿ ಸಿನಿಮಾ, ಮದುವೆ ಮನೆಯ ಸಂಗೀತ ಹಾಗೂ ಧ್ವನಿಸುರುಳಿ ಉದ್ಯಮ ಇವೆಲ್ಲ ಒಟ್ಟುಗೂಡಿ ಕಟ್ಟಿದ ಚಿತ್ರವಿದು. ಇದನ್ನು ಸುಳ್ಳೆಂದು ತಳ್ಳಿಹಾಕಬೇಕಾಗಿಲ್ಲ. ಆದರೆ ಇದರಲ್ಲಿ ಕಾಣುವುದು ಭೂಮಿಯುಳ್ಳವನ ಸುಗ್ಗಿಯ ಸಂಭ್ರಮ ಮಾತ್ರ. 2011ರ ಜನಗಣತಿಯ ಪ್ರಕಾರ ಪಂಜಾಬಿನ ಜನಸಂಖ್ಯೆಯಲ್ಲಿ ಪರಿಶಿಷ್ಟ ಜಾತಿಗಳವರ ಪ್ರಮಾಣ ಶೇಕಡಾ 31.9ರಷ್ಟಿತ್ತು, ದೇಶದ ಬೇರಾವ ರಾಜ್ಯದಲ್ಲಿಯೂ ಈ ಪ್ರಮಾಣ ಇಷ್ಟಿರಲಿಲ್ಲ. ಅದೇ ಹೊಲದಲ್ಲಿ ಕೂಲಿಗೆ ದುಡಿದವರ, ಸತ್ತ ದನದ ಚರ್ಮವನ್ನು ಹದಮಾಡಿದವರ, ಊರ ಹೊರಗಿನ ಗೋರಿಗೆ ದೀಪ ಹಚ್ಚಿದವರ ಹಾಡು ಯಾವುದು ಎಂಬ ಪ್ರಶ್ನೆಯನ್ನು ಮೇಲಿನ ಚಿತ್ರ ಕೇಳುವುದೇ ಇಲ್ಲ. ಈ ಪ್ರಶ್ನೆಯನ್ನು ಕಳೆದ ಎರಡು ದಶಕಗಳಲ್ಲಿ ಗಟ್ಟಿಯಾಗಿ ಕೇಳಿದವರು ವಿಶ್ವವಿದ್ಯಾಲಯದ ಜಾನಪದ ವಿಭಾಗಗಳವರಿಗಿಂತ ಹೆಚ್ಚಾಗಿ ಕಿರುಚಿತ್ರ ಮತ್ತು ಸಾಕ್ಷ್ಯಚಿತ್ರಗಳ ನಿರ್ದೇಶಕರು ಎಂಬುದು ನನ್ನ ಗ್ರಹಿಕೆ. ಆ ಚಿತ್ರಗಳಲ್ಲಿ ಕೆಲವನ್ನು ಒಟ್ಟಿಗೆ ಇರಿಸಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಇಲ್ಲಿ 'ಕಿರುಚಿತ್ರ' ಎಂಬ ಪದವನ್ನು ಕಾಲಾವಧಿಯ ಅಳತೆಗೋಲಿನಿಂದ ಬಳಸಿಲ್ಲ. ಹರ್ಜಂತ್ ಗಿಲ್ ಅವರ 'ರೂಟ್ಸ್ ಆಫ್ ಲವ್' ಅರ್ಧ ಗಂಟೆಯನ್ನೂ ಮುಟ್ಟುವುದಿಲ್ಲ. ಅಜಯ್ ಭಾರದ್ವಾಜ್ ಅವರ ಚಿತ್ರಗಳು ಒಂದು ಗಂಟೆಯನ್ನು ಮೀರುತ್ತವೆ. ಚಿತ್ರಮಂದಿರದ ಮಾರುಕಟ್ಟೆಯ ಹೊರಗೆ ತಯಾರಾಗಿ, ಸಭಾಂಗಣ, ಕಾಲೇಜು, ಚಿತ್ರಸಮಾಜಗಳ ಸಣ್ಣ ಸಣ್ಣ ಪ್ರದರ್ಶನಗಳ ಮೂಲಕವೇ ಜನರನ್ನು ತಲುಪಿದ ಚಿತ್ರಗಳೆಂಬ ಅರ್ಥದಲ್ಲಿ ಇವೆಲ್ಲವೂ ಒಂದೇ ಕುಲದವು. ಒಂದೇ ಕೂಟದಲ್ಲಿ ಒಂದರ ಬೆನ್ನಿಗೆ ಇನ್ನೊಂದನ್ನು ನೋಡಿದಾಗ ಇವು ಪರಸ್ಪರ ವಾದಕ್ಕಿಳಿಯುತ್ತವೆ. ಬಿಡಿಯಾಗಿ ನೋಡಿದವರಿಗೆ ಈ ವಾದ ಕೇಳಿಸದೆ ಹೋಗಬಹುದು.

ಈ ಕುಲಕ್ಕೊಬ್ಬ ಹಿರಿಯನಿದ್ದಾನೆ. ಆನಂದ್ ಪಟವರ್ಧನ್ ಅವರ 'ಉನ್ಹಾಂ ಮಿತ್ರಾಂ ದೀ ಯಾದ್ ಪ್ಯಾರೀ' 1990ರ ಚಿತ್ರ. ಪ್ರತ್ಯೇಕತಾವಾದಿಗಳ ಬಂದೂಕು ಮತ್ತು ಪ್ರಭುತ್ವದ ಬಂದೂಕುಗಳ ನಡುವೆ ಪಂಜಾಬು ನಲುಗುತ್ತಿದ್ದ ಕಾಲದಲ್ಲಿ ಭಗತ್ ಸಿಂಗನ ಮಾತುಗಳನ್ನು ಹಳ್ಳಿಹಳ್ಳಿಗೆ ಒಯ್ಯುತ್ತಿದ್ದ ಎಡಪಂಥೀಯ ಕಾರ್ಯಕರ್ತರನ್ನು ಅದು ಹಿಂಬಾಲಿಸುತ್ತದೆ. ಹುತಾತ್ಮನೊಬ್ಬನ ಸ್ಮೃತಿಯನ್ನು ಸರ್ಕಾರವೂ, ಸರ್ಕಾರದ ವಿರೋಧಿಗಳೂ ತಮ್ಮ ತಮ್ಮ ಕಡೆಗೆ ಎಳೆದುಕೊಳ್ಳುವ ಬಗೆಯನ್ನು ಅಲ್ಲಿ ಕಾಣಬಹುದು. ಜನಪದ ವೀರನ ಕಥೆ ಹೇಗೆ ಬೆಳೆಯುತ್ತದೆ, ಯಾರ ಬಾಯಲ್ಲಿ ಹೇಗೆ ತಿರುಗುತ್ತದೆ ಎಂಬುದನ್ನು ಕಣ್ಣಾರೆ ಕಾಣಲು ಆ ಚಿತ್ರವನ್ನು ನೋಡಬೇಕು. ಆದರೆ ಅದರ ಆಸಕ್ತಿ ಮೂಲತಃ ರಾಜಕೀಯದ್ದು; ಹಾಡುಗಾರ ಅಲ್ಲಿ ಸಾಕ್ಷಿಯಾಗಿ ಬರುತ್ತಾನೆಯೇ ಹೊರತು ಚಿಂತಕನಾಗಿ ಅಲ್ಲ.

ಹಾಡುಗಾರನನ್ನು ಚಿಂತಕನನ್ನಾಗಿ ಕಂಡದ್ದು ಅಜಯ್ ಭಾರದ್ವಾಜ್ ಅವರ ಚಿತ್ರತ್ರಯದ ಮೊದಲ ಚಿತ್ರವಾದ 'ಕಿತ್ತೇ ಮಿಲ್ ವೇ ಮಾಹೀ' (2005). 'ಮಾಹೀ' ಎಂಬ ಪದವನ್ನು ಇಂದು ನಲ್ಲ, ಇನಿಯ ಎಂಬ ಅರ್ಥದಲ್ಲಿ ಬಳಸುತ್ತಾರೆ. ಆದರೆ ಪಂಜಾಬಿ ಕಿಸ್ಸಾ ಪರಂಪರೆಯಲ್ಲಿ ಅದರ ಬೇರು ಎಮ್ಮೆ ಮೇಯಿಸುವವನಲ್ಲಿದೆ. ಹೀರಳ ತಂದೆಯ ಎಮ್ಮೆ ಕಾಯಲು ನಿಂತ ರಾಂಝಾ ಆ ಕೆಲಸದಿಂದಲೇ ಮಾಹೀ ಎನಿಸಿಕೊಂಡವನು. ದನಗಾಹಿಯ ಹೆಸರು ಪ್ರಿಯತಮನ ಹೆಸರಾಗಿ, ಸಂತರ ಬಾಯಲ್ಲಿ ದೇವರ ಹೆಸರೂ ಆಗಿ ಏರಿದ ಈ ಪದದ ಚರಿತ್ರೆಯೇ ಚಿತ್ರದ ವಾದವನ್ನು ಅರ್ಧ ಹೇಳಿಬಿಡುತ್ತದೆ.

ಬಿಯಾಸ್ ಮತ್ತು ಸಟ್ಲೆಜ್ ನದಿಗಳ ನಡುವಣ ದೋಆಬಾ ಪ್ರದೇಶ ಈ ಚಿತ್ರದ ನೆಲೆ. 1947ರಲ್ಲಿ ಪೂರ್ವ ಪಂಜಾಬಿನ ಮುಸಲ್ಮಾನರಲ್ಲಿ ಬಹುಪಾಲು ಜನ ಗಡಿ ದಾಟಿದರು, ಇಲ್ಲವೇ ಕೊಲೆಯಾದರು. 2011ರ ಜನಗಣತಿಯಲ್ಲಿ ಪಂಜಾಬ್ ರಾಜ್ಯದ ಮುಸ್ಲಿಮರ ಪ್ರಮಾಣ ಶೇಕಡಾ 2ನ್ನೂ ಮುಟ್ಟಿರಲಿಲ್ಲ. ಹೀಗಿದ್ದೂ ಪೀರರ ಗೋರಿಗಳು ಪಾಳು ಬೀಳಲಿಲ್ಲ. ಅವನ್ನು ಗುಡಿಸಿ, ಸುಣ್ಣ ಬಳಿದು, ಹಸಿರು ಚಾದರ ಹೊದಿಸಿ, ಉರುಸು ನಡೆಸಿಕೊಂಡು ಬಂದವರಲ್ಲಿ ದಲಿತರದು ದೊಡ್ಡ ಪಾಲು. ಗುರುದ್ವಾರದಲ್ಲಿ ಜಾತಿಯ ನೆರಳು, ದೇವಾಲಯದಲ್ಲಿ ಜಾತಿಯ ಗೋಡೆ ಇದ್ದಾಗ ಒಡೆಯರಿಲ್ಲದ ಗೋರಿ ಅವರಿಗೆ ತಮ್ಮದೆಂದು ಹೇಳಿಕೊಳ್ಳಬಹುದಾದ ಜಾಗವಾಯಿತು. ಇದನ್ನು 'ಸಮನ್ವಯ' ಎಂಬ ಒಂದೇ ಮಾತಿನಲ್ಲಿ ಮುಗಿಸುವುದು ನಮ್ಮ ವಿದ್ವತ್ತಿನ ರೂಢಿ. ಭಾರದ್ವಾಜ್ ಆ ರೂಢಿಗೆ ಒಳಗಾಗುವುದಿಲ್ಲ. ಭಕ್ತಿಯ ಜೊತೆಗೇ ಜಾಗದ ಪ್ರಶ್ನೆಯನ್ನೂ, ಮಾನದ ಪ್ರಶ್ನೆಯನ್ನೂ ಅವರು ಕೈಬಿಡದೆ ಹಿಡಿದಿದ್ದಾರೆ.

ಚಿತ್ರದಲ್ಲಿ ಬರುವ ಬಿ.ಎಸ್. ಬಲ್ಲಿ ಕವ್ವಾಲರು ತಮ್ಮ ಮನೆತನದಲ್ಲಿ ಕವ್ವಾಲಿ ಹಾಡಿದ ಮೊದಲ ತಲೆಮಾರಿನವರು. ಜಾನಪದ ಅಧ್ಯಯನದ ದೃಷ್ಟಿಯಿಂದ ಇದು ಬಹಳ ಮಹತ್ವದ ಸಂಗತಿ. ಪಂಜಾಬಿನಲ್ಲಿ ವಂಶಾವಳಿ ಹೇಳುವ, ಹಾಡುವ ವೃತ್ತಿ ಮಿರಾಸಿಗಳದು. 'ಮಿರಾಸ್' ಎಂದರೇ ಪಿತ್ರಾರ್ಜಿತ. ಹಾಡು ಇಲ್ಲಿ ಆಸ್ತಿಯಂತೆ ತಂದೆಯಿಂದ ಮಗನಿಗೆ ಇಳಿಯುವಂಥದ್ದು. ಮಿರಾಸಿಗಳಲ್ಲಿ ಹೆಚ್ಚಿನವರು ಮುಸ್ಲಿಮರಾಗಿದ್ದುದರಿಂದ ದೇಶವಿಭಜನೆ ಈ ಇಳಿಜಾರನ್ನೇ ಕಡಿದುಹಾಕಿತು. ಹಾಗೆ ತೆರವಾದ ಜಾಗದಲ್ಲಿ ದಲಿತ ಗಾಯಕನೊಬ್ಬ ಬಂದು ಕುಳಿತಾಗ ಅವನು ಪರಂಪರೆಯನ್ನು ಮುಂದುವರಿಸುತ್ತಿದ್ದಾನೆಯೇ, ಹೊಸದನ್ನು ಆರಂಭಿಸುತ್ತಿದ್ದಾನೆಯೇ? ಜನಪದ ಪರಂಪರೆಯೆಂದರೆ ತಲೆತಲಾಂತರದಿಂದ ಹರಿದುಬಂದದ್ದು ಎಂಬ ನಮ್ಮ ಪಠ್ಯಪುಸ್ತಕದ ವ್ಯಾಖ್ಯೆ ಇಲ್ಲಿ ನಿಲ್ಲುವುದಿಲ್ಲ. ಹರಿದುಬರದೆ, ಎತ್ತಿಕೊಂಡದ್ದೂ ಪರಂಪರೆಯೇ ಆಗಬಲ್ಲದು ಎಂಬುದಕ್ಕೆ ಬಲ್ಲಿ ಅವರ ಕವ್ವಾಲಿ ಪುರಾವೆ.

ಕವಿ ಲಾಲ್ ಸಿಂಗ್ ದಿಲ್ (1943–2007) ಅವರನ್ನು ಕವ್ವಾಲನ ಪಕ್ಕದಲ್ಲಿ ನಿಲ್ಲಿಸಿದ್ದು ಚಿತ್ರದ ಇನ್ನೊಂದು ದಿಟ್ಟ ನಿರ್ಧಾರ. ದಲಿತ ಕುಟುಂಬದಲ್ಲಿ ಹುಟ್ಟಿ, ನಕ್ಸಲೀಯ ಚಳವಳಿಯಲ್ಲಿ ಸೇರಿ, ಸೆರೆಮನೆಯ ಹಿಂಸೆ ಉಂಡು, ಮುಂದೆ ಇಸ್ಲಾಮನ್ನು ಸ್ವೀಕರಿಸಿ, ಸಮ್ರಾಲಾದಲ್ಲಿ ಚಹದ ಅಂಗಡಿ ಇಟ್ಟುಕೊಂಡು ಬದುಕಿದ ಕವಿ ಅವರು. ಪಂಜಾಬಿ ಸಾಹಿತ್ಯ ಚರಿತ್ರೆಗಳು ದಿಲ್ ಅವರನ್ನು ಕ್ರಾಂತಿಕಾರಿ ಕಾವ್ಯದ ಅಧ್ಯಾಯದಲ್ಲಿ ಇರಿಸುತ್ತವೆ. ಭಾರದ್ವಾಜ್ ಅವರನ್ನು ಗೋರಿಯ ಅಂಗಳದ ಲೋಕಕ್ಕೆ ಹತ್ತಿರ ತಂದಿದ್ದಾರೆ. ಗದರ್ ಚಳವಳಿಯ ಹಿರಿಯ ಕೊಂಡಿ ಭಗತ್ ಸಿಂಗ್ ಬಿಲ್ಗಾ (1907–2009) ಕೂಡ ಇದೇ ಚಿತ್ರದಲ್ಲಿ ಮಾತನಾಡುತ್ತಾರೆ. ಶಿಷ್ಟ ಮತ್ತು ಜನಪದ, ರಾಜಕೀಯ ಮತ್ತು ಅಧ್ಯಾತ್ಮ ಎಂಬ ನಮ್ಮ ಕಪಾಟುಗಳು ಈ ಸಾಲಿನೆದುರು ಉಪಯೋಗಕ್ಕೆ ಬಾರದಾಗುತ್ತವೆ. 2007ರ ಆಗಸ್ಟಿನಲ್ಲಿ ದಿಲ್ ತೀರಿಕೊಂಡರು. ಆ ಧ್ವನಿ, ಆ ಮುಖ ಚಲಿಸುವ ಚಿತ್ರದಲ್ಲಿ ಉಳಿದದ್ದು ಪಂಜಾಬಿ ಭಾಷೆಯ ಪುಣ್ಯವೆಂದೇ ಹೇಳಬೇಕು.

ಈ ಚಿತ್ರದ ಬಗ್ಗೆ ನನ್ನ ತಕರಾರು ಒಂದಿದೆ. 'ಸೂಫಿ' ಎಂಬ ಪದವನ್ನು ಚಿತ್ರ ಮತ್ತು ಅದರ ಸುತ್ತಣ ಚರ್ಚೆ ಧಾರಾಳವಾಗಿ ಬಳಸುತ್ತದೆ. ಹಳ್ಳಿಯವರ ಬಾಯಲ್ಲಿ ಓಡಾಡುವ ಪದಗಳು ಪೀರ್, ಬಾಬಾ, ಫಕೀರ್, ಡೇರಾ, ಮಜಾರ್ ಮುಂತಾದವು. ಇವುಗಳಲ್ಲಿ ಪ್ರತಿಯೊಂದಕ್ಕೂ ಬೇರೆ ಬೇರೆ ಲೋಕಗಳಿವೆ. 'ಸೂಫಿ' ಎಂದೊಡನೆ ಅವೆಲ್ಲ ಒಂದೇ ಬಣ್ಣದ ಬಟ್ಟೆ ತೊಟ್ಟುಬಿಡುತ್ತವೆ. ನಗರಗಳ ಉತ್ಸವ ವೇದಿಕೆಗಳಲ್ಲಿ ಸೂಫಿ ಸಂಗೀತವೆಂಬುದು ಮಾರಾಟದ ಸರಕಾಗಿದ್ದ ಕಾಲವೇ ಈ ಚಿತ್ರ ಬಂದ ಕಾಲವೂ ಹೌದು. ಆ ಮಾರುಕಟ್ಟೆಗೆ ವಿರುದ್ಧವಾಗಿ ನಿಂತ ಚಿತ್ರವೊಂದು ಅದರ ಪದವನ್ನೇ ಎರವಲು ಪಡೆದದ್ದು ಸರಿಯೆನಿಸುವುದಿಲ್ಲ. ದೋಆಬಾದ ದಲಿತರಿಗೆ ಗೋರಿಯ ಅಂಗಳ ಏಕೈಕ ದಾರಿಯೂ ಆಗಿರಲಿಲ್ಲ. 1926ರಲ್ಲಿ ಮಂಗೂ ರಾಮ್ ಅವರ ಮುಂದಾಳತ್ವದಲ್ಲಿ ಆದಿ ಧರ್ಮ ಚಳವಳಿ ಹುಟ್ಟಿದ್ದು ಇದೇ ನೆಲದಲ್ಲಿ. 2009ರ ಮೇ ತಿಂಗಳಲ್ಲಿ ವಿಯೆನ್ನಾ ನಗರದಲ್ಲಿ ಡೇರಾ ಸಚ್‌ಖಂಡ್ ಬಲ್ಲಾಂ ಪರಂಪರೆಯ ಸಂತ ರಾಮಾನಂದರ ಕೊಲೆಯಾದ ಮೇಲೆ, 2010ರ ಜನವರಿಯಲ್ಲಿ ರವಿದಾಸಿಯಾ ಧರ್ಮವನ್ನು ಪ್ರತ್ಯೇಕವೆಂದು ಸಾರಲಾಯಿತು. ಗಡಿರೇಖೆಗಳಿಲ್ಲದ ಗೋರಿ ಒಂದು ಕಡೆ, ತನ್ನದೇ ಗ್ರಂಥ, ತನ್ನದೇ ಲಾಂಛನವುಳ್ಳ ಧರ್ಮ ಇನ್ನೊಂದು ಕಡೆ; ಈ ಎರಡರ ನಡುವಣ ಸೆಳೆತವನ್ನು ಬಿಟ್ಟು 2005ರ ಈ ಚಿತ್ರವನ್ನು ಇಂದು ನೋಡಲಾಗದು.

ಕನ್ನಡದ ಸಂಶೋಧಕರಿಗೆ ಈ ಲೋಕ ತೀರ ಅಪರಿಚಿತವೇನಲ್ಲ. ಮುಸ್ಲಿಮರ ಒಂದು ಮನೆಯೂ ಇಲ್ಲದ ಉತ್ತರ ಕರ್ನಾಟಕದ ಎಷ್ಟೋ ಹಳ್ಳಿಗಳಲ್ಲಿ ಮೊಹರಂ ನಡೆಯುತ್ತದೆ, ಅಲಾಯಿ ಕುಣಿಯುವ ಮುಂದೆ ಪದ ಹಾಡುತ್ತಾರೆ. ಆದರೆ ಹೋಲಿಕೆಯನ್ನು ಇಲ್ಲಿಗೇ ನಿಲ್ಲಿಸುವುದು ಲೇಸು. ಪಂಜಾಬಿನ ಗೋರಿಗಳ ಹಿಂದೆ ಒಂದೇ ಬೇಸಗೆ, ಒಂದೇ ಮಳೆಗಾಲದಲ್ಲಿ ಖಾಲಿಯಾದ ಊರುಗಳಿವೆ.

ಆ ಖಾಲಿಯಾದ ಊರುಗಳ ಕಥೆಯೇ ಎರಡನೆಯ ಚಿತ್ರವಾದ 'ರಬ್ಬಾ ಹುಣ್ ಕೀ ಕರಿಯೇ' (2007). ಹಳ್ಳಿಯಿಂದ ಹಳ್ಳಿಗೆ ಹೋಗಿ, ಮುಸ್ಲಿಂ ನೆರೆಯವರನ್ನು ನೆನೆಯುವ ಹಿರಿಯರ ಮಾತನ್ನು ಅದು ದಾಖಲಿಸುತ್ತದೆ. ದೇಶವಿಭಜನೆಗೆ ಪಂಜಾಬಿನ ಹಳ್ಳಿಗಳಲ್ಲಿ ಬಳಕೆಯಲ್ಲಿರುವ ಪದಗಳನ್ನು ಗಮನಿಸಬೇಕು. 'ರೌಲೇ' ಎಂದರೆ ಗದ್ದಲ, ದೊಂಬಿ. 'ಉಜಾಡಾ' ಎಂದರೆ ಹಾಳಾಗಿ ಹೋಗುವುದು. 'ಹಲ್ಲೇ' ಎಂದರೆ ದಾಳಿಗಳು. ಊರ ಮುದುಕರು ತಮ್ಮ ವಯಸ್ಸನ್ನು ಹೇಳುವುದೂ 'ರೌಲೆಯ ವರ್ಷ ನಾನು ಇಷ್ಟು ದೊಡ್ಡವನಿದ್ದೆ' ಎಂಬ ಧಾಟಿಯಲ್ಲಿ. ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷವನ್ನು ಜನ ಹಾಳಾದ ವರ್ಷವೆಂದು ಕರೆದದ್ದು ಯಾವ ಇತಿಹಾಸಕಾರನ ತೀರ್ಮಾನವೂ ಅಲ್ಲ.

ಕೊಂದವರಿಗೆ, ದೋಚಿದವರಿಗೆ ಮುಂದೆ ಏನಾಯಿತು ಎಂಬುದನ್ನು ಊರವರು ಹೇಳುವ ಭಾಗಗಳು ಚಿತ್ರದ ತಿರುಳು. ಅಂಥವರ ಬಾಳು ಏಳಿಗೆಯಾಗಲಿಲ್ಲ, ಕರ್ಮ ಅವರನ್ನು ಬಿಡಲಿಲ್ಲ ಎಂಬ ಜಾಡಿನ ಕಥನಗಳವು. ಸ್ಟಿತ್ ಥಾಮ್ಸನ್‌ರ ಆಶಯ ಸೂಚಿಯಲ್ಲಿ 'ಕ್ಯೂ' ವಿಭಾಗ ಬಹುಮಾನ ಮತ್ತು ಶಿಕ್ಷೆಗಳಿಗೆ ಮೀಸಲು. ಜಗತ್ತಿನೆಲ್ಲೆಡೆಯ ಐತಿಹ್ಯಗಳಲ್ಲಿ ಸಿಗುವ ಈ ಆಶಯ ಇಲ್ಲಿ ನಿನ್ನೆ ಮೊನ್ನೆ ಕಂಡ ಮನುಷ್ಯರಿಗೆ ಅಂಟಿಕೊಂಡಿದೆ. 1947ರ ಕೊಲೆಗಳಲ್ಲಿ ಬಹುಪಾಲು ಯಾವ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಲಿಲ್ಲ. ಹತ್ತದ ಮೊಕದ್ದಮೆಗಳ ತೀರ್ಪನ್ನು ಊರು ಕಥೆಯ ರೂಪದಲ್ಲಿ ಬರೆದುಕೊಂಡಿತು. ಜನಪದ ಕಥನಕ್ಕೆ ಇಂಥ ಕೆಲಸವೂ ಇದೆಯೆಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ ಬೇರೊಂದು ಚಿತ್ರವನ್ನು ನಾನು ನೋಡಿಲ್ಲ.

ಆದರೆ ಇಲ್ಲಿಯೇ ವಿಮರ್ಶಕನಾದವನು ಎಚ್ಚರದಿಂದಿರಬೇಕು. 'ಅವನಿಗೆ ದೇವರು ಶಿಕ್ಷೆ ಕೊಟ್ಟ' ಎಂಬ ಕಥೆ ಕೇಳುವವನಿಗೆ ಸಮಾಧಾನ ಕೊಡುತ್ತದೆ. ಹೇಳುವವನಿಗೆ ಇನ್ನೂ ಹೆಚ್ಚಿನ ಸಮಾಧಾನ ಕೊಡುತ್ತದೆ. ಪಾಪದ ಹೊರೆಯೆಲ್ಲ ಇಬ್ಬರೋ ಮೂವರೋ ದುಷ್ಟರ ತಲೆಯ ಮೇಲೆ ಇಳಿದು, ನೋಡುತ್ತ ನಿಂತಿದ್ದ ಊರು ಹಗುರಾಗುತ್ತದೆ. ತೆರವಾದ ಮನೆಗಳಲ್ಲಿ ಯಾರು ನೆಲೆಸಿದರು, ಬಿಟ್ಟುಹೋದ ಜಾನುವಾರುಗಳನ್ನು ಯಾರು ಹೊಡೆದುಕೊಂಡು ಹೋದರು ಎಂಬ ಪ್ರಶ್ನೆಗಳನ್ನು ದೈವಶಿಕ್ಷೆಯ ಕಥೆ ಕೇಳುವುದಿಲ್ಲ. ನೋಡುತ್ತ ನಿಂತವರ ಅಳಲು ಆಗಾಗ ಉಕ್ಕಿಬರುವುದನ್ನು ಭಾರದ್ವಾಜ್ ಕತ್ತರಿಸದೆ ಉಳಿಸಿದ್ದಾರೆ. ಆ ಮಟ್ಟಿಗೆ ಚಿತ್ರ ಈ ಆಪಾದನೆಯಿಂದ ಪಾರಾಗುತ್ತದೆ. ಇನ್ನೊಂದು ಕೊರತೆಯಿಂದ ಪಾರಾಗುವುದಿಲ್ಲ. ಚಿತ್ರದ ಒಟ್ಟು ದನಿ ಹೆಚ್ಚಿನ ಮಟ್ಟಿಗೆ ಹಿರಿಯ ಗಂಡಸರದು. ಅಪಹರಣಕ್ಕೊಳಗಾದ, ಮರ್ಯಾದೆಯ ಹೆಸರಿನಲ್ಲಿ ಮನೆಯವರಿಂದಲೇ ಕೊಲೆಯಾದ ಹೆಣ್ಣುಮಕ್ಕಳ ಕುರಿತು ಊರ್ವಶಿ ಬುಟಾಲಿಯಾ, ರಿತು ಮೆನನ್ ಮತ್ತು ಕಮಲಾ ಭಾಸಿನ್ ಅವರ ಪುಸ್ತಕಗಳು 1998ರಲ್ಲಿಯೇ ಬಂದಿದ್ದವು. ಅದಾದ ಒಂಬತ್ತು ವರ್ಷಗಳ ನಂತರದ ಚಿತ್ರ ಹೆಂಗಸರ ಪಿಸುದನಿಗೆ ಇನ್ನಷ್ಟು ಹತ್ತಿರ ಹೋಗಬಹುದಿತ್ತು.

ಮೂರನೆಯದಾದ 'ಮಿಲಾಂಗೇ ಬಾಬೇ ರತನ್ ದೇ ಮೇಲೇ ತೇ' (2012) ನನಗೆ ಮೊದಲೆರಡರಷ್ಟು ಬಿಗಿಯಾಗಿ ಕಾಣಲಿಲ್ಲ. ಅಗಲಿಕೆಯ ವಿಷಾದ ಅಲ್ಲಿ ಕೆಲವೊಮ್ಮೆ ರೂಢಿಯ ರಾಗವಾಗಿಬಿಡುತ್ತದೆ. ಆದರೂ ಅದು ಆರಿಸಿಕೊಂಡ ಸ್ಥಳ ಅಸಾಧಾರಣವಾದುದು. ಬಠಿಂಡಾದ ಹಾಜಿ ರತನ್ ದರ್ಗಾದ ಬಾಬಾ ಪ್ರವಾದಿಗಳನ್ನೇ ಕಣ್ಣಾರೆ ಕಂಡು, ಅವರ ಹರಕೆಯಿಂದ ನೂರಾರು ವರ್ಷ ಬದುಕಿದನೆಂಬ ಐತಿಹ್ಯ ಅರಬ್ ಜಗತ್ತಿನವರೆಗೆ ಹಬ್ಬಿತ್ತು. 1348ರಲ್ಲಿ ತೀರಿಕೊಂಡ ಹದೀಸ್ ವಿದ್ವಾಂಸ ಅಲ್ ಜಹಬಿ ಅದನ್ನು ಸುಳ್ಳೆಂದು ಖಂಡಿಸಿ ಬರೆದ. ಅದೇ ರತನನನ್ನು ನಾಥ ಜೋಗಿಗಳು ತಮ್ಮ ಪರಂಪರೆಯ ರತನನಾಥನೆನ್ನುತ್ತಾರೆ. ದರ್ಗಾದ ಮಗ್ಗುಲಲ್ಲೇ ಗುರುದ್ವಾರವೂ ಇದೆ. ಹನ್ನೆರಡು ವರ್ಷಕ್ಕೊಮ್ಮೆ ತ್ರ್ಯಂಬಕೇಶ್ವರದಿಂದ ಕಾಲ್ನಡಿಗೆಯಲ್ಲಿ ಮಂಗಳೂರಿನ ಕದ್ರಿಗೆ ಬರುವ ನಾಥರ ಜುಂಡಿಯನ್ನು ಬಲ್ಲ ನಮ್ಮ ಸಂಶೋಧಕರು ಬಠಿಂಡಾದ ಕಡೆಗೂ ಒಮ್ಮೆ ಕಣ್ಣು ಹಾಯಿಸಬೇಕು.

ಹರ್ಜಂತ್ ಗಿಲ್ ಮಾನವಶಾಸ್ತ್ರಜ್ಞರು. ಅವರ ಚಿತ್ರಗಳ ಸ್ವಭಾವವೇ ಬೇರೆ. ಹಾಡು ಹಿಂದೆ ಸರಿದು ಸಂದರ್ಶನ ಮುಂದೆ ಬರುತ್ತದೆ. 'ರೂಟ್ಸ್ ಆಫ್ ಲವ್' (2011) ಹದಿನಾಲ್ಕರಿಂದ ಎಂಬತ್ತಾರರವರೆಗಿನ ವಯಸ್ಸಿನ ಆರು ಜನ ಸಿಖ್ಖರ ಮೂಲಕ ಕೂದಲು ಮತ್ತು ಪಗಡಿಯ ಅರ್ಥ ಬದಲಾಗುತ್ತಿರುವುದನ್ನು ಹೇಳುತ್ತದೆ. 'ಮರ್ದಿಸ್ತಾನ್' (2014) ಗಂಡಸುತನದ ಬಗ್ಗೆ ನಾಲ್ವರು ಗಂಡಸರು ಆಡುವ ಮಾತು. ಅವರಲ್ಲೊಬ್ಬರು ಅವಳಿ ಹೆಣ್ಣುಮಕ್ಕಳ ತಂದೆ. ಗಂಡು ಬೇಕೆಂಬ ಒತ್ತಡಕ್ಕೆ ಮಣಿಯದವರು. ಪಂಜಾಬಿನಲ್ಲಿ ಗಂಡುಮಗು ಹುಟ್ಟಿದ ಮನೆಯ ಮೊದಲ ಲೋಹ್ಡಿ ಹಬ್ಬಕ್ಕೆ ವಿಶೇಷ ಸಡಗರ. ಆ ಹಬ್ಬದ ಹಾಡಿನ ನಾಯಕ ದುಲ್ಲಾ ಭಟ್ಟಿಯಾದರೋ ಅನಾಥ ಹೆಣ್ಣುಮಕ್ಕಳನ್ನು ಕಾಪಾಡಿ ಮದುವೆ ಮಾಡಿಕೊಟ್ಟವನು! ಹಾಡಿನೊಳಗಿನ ಹೆಣ್ಣುಮಕ್ಕಳನ್ನು ಹಬ್ಬ ಮರೆತ ಈ ಪರಿಯನ್ನು ಚಿತ್ರ ಕೈಗೆತ್ತಿಕೊಂಡಿದ್ದರೆ ಅದರ ಮಾತಿಗೆ ಇನ್ನೊಂದು ಆಳ ಒದಗುತ್ತಿತ್ತು.

ಗಿಲ್ ಅವರ ಚಿತ್ರಗಳಲ್ಲಿ ನನಗೆ ಹೆಚ್ಚು ಮುಖ್ಯವೆನಿಸಿದ್ದು 'ಸೆಂಟ್ ಅವೇ ಬಾಯ್ಸ್' (2016). ಬೇಸಾಯದಲ್ಲಿ ಭರವಸೆ ಕಳೆದುಕೊಂಡು ಕೆನಡಾ, ಅಮೆರಿಕಗಳ ಕೂಲಿಗೆ ಹೊರಡಲು ಸಿದ್ಧರಾದ ತರುಣರು ಮತ್ತು ಅವರ ದಾರಿ ಕಾಯುವ ತಾಯಿ, ಅಕ್ಕತಂಗಿ, ಹೆಂಡಿರ ಮಾತು ಇಲ್ಲಿದೆ. ಪಂಜಾಬಿ ಹೆಂಗಸರ ಹಾಡುಗಳಲ್ಲಿ ಮನೆ ಬಿಡುವವಳು ಮಗಳು. ಡೋಲಿ ಏರುವ ಮಗಳು ಹಕ್ಕಿಯಾಗಿ, ಪರದೇಶಿಯಾಗಿ ವರ್ಣಿತಳಾಗುತ್ತಾಳೆ. ಮಗನಾದವನು ನೆಲಕ್ಕೆ ಅಂಟಿದವನು. ಸಿಪಾಯಿಯಾಗಿ ಹೋದ ಗಂಡನ ಹಾಡುಗಳು ಇದಕ್ಕೆ ಹೊರತು. ಮೊದಲ ಮಹಾಯುದ್ಧಕ್ಕೆ ಪಂಜಾಬಿನಿಂದ ಸೇರಿಸಿಕೊಂಡ ಅಪಾರ ಸಂಖ್ಯೆಯ ಸೈನಿಕರ ಹೆಂಡತಿಯರು ಬಸ್ರಾ ಎಂಬ ಕಾಣದ ಊರನ್ನು ಹಾಡಿನೊಳಗೆ ತಂದು ಶಪಿಸಿದರು. ಆದರೆ ಆ ಸಿಪಾಯಿ ಉಳಿದರೆ ಮರಳುವವನು. ಗಿಲ್ ತೋರಿಸುವ ಮಗ ಮರಳದಿರುವುದೇ ಮನೆಯವರ ಯಶಸ್ಸು. ಕಳುಹಿಸುವ ತಾಯಿಗೆ ಹಾಡಲು ಹಳೆಯ ಹಾಡಿಲ್ಲ. ಮಗಳ ಬೀಳ್ಕೊಡುಗೆಯ ಹಾಡು ಮಗನಿಗೆ ಒಗ್ಗುವುದಿಲ್ಲ. ಚಿತ್ರದ ಹೆಂಗಸರು ಮಾತಿನ ನಡುವೆ ತಡೆದು ನಿಲ್ಲುವುದರ ಹಿಂದೆ ದುಃಖದ ಜೊತೆಗೆ ಈ ಬರಿದುತನವೂ ಇದೆಯೆಂದು ನಾನು ಓದುತ್ತೇನೆ. ಹಾಡು ಹುಟ್ಟದಿದ್ದರೂ ಆಚರಣೆ ಹುಟ್ಟಿಕೊಂಡಿದೆ. ಜಲಂಧರ್ ಸಮೀಪದ ತಲ್ಹಣ್ ಗುರುದ್ವಾರದಲ್ಲಿ ವೀಸಾ ದೊರೆಯಲೆಂದು ಆಟಿಕೆಯ ವಿಮಾನವನ್ನು ಹರಕೆಯಾಗಿ ಒಪ್ಪಿಸುತ್ತ ಬಂದಿದ್ದಾರೆ. ದೋಆಬಾದ ಮನೆಗಳ ತಾರಸಿಯ ಮೇಲೆ ವಿಮಾನದ ಆಕಾರದ ನೀರಿನ ತೊಟ್ಟಿಗಳಿವೆ. ಮಗುವಿಗಾಗಿ ತೊಟ್ಟಿಲು, ಕಣ್ಣಿಗಾಗಿ ಬೆಳ್ಳಿಯ ಕಣ್ಣು ಒಪ್ಪಿಸುವ ಹರಕೆಯ ವ್ಯಾಕರಣವೇ ಇದು. ವಸ್ತು ಮಾತ್ರ ಹೊಸದು. 2025ರ ಫೆಬ್ರವರಿ 5ರಂದು ಅಮೆರಿಕದ ಸೇನಾ ವಿಮಾನವೊಂದು 104 ಮಂದಿ ಗಡೀಪಾರಾದ ಭಾರತೀಯರನ್ನು ಅಮೃತಸರದಲ್ಲಿ ಇಳಿಸಿತು. ಅವರಲ್ಲಿ ಮೂವತ್ತು ಜನ ಪಂಜಾಬಿನವರು. ಒಂಬತ್ತು ವರ್ಷ ಹಿಂದಿನ ಚಿತ್ರದ ಮುಖಗಳನ್ನು ಆ ಸುದ್ದಿಯ ಜೊತೆಗಿರಿಸಿ ನೋಡಿದರೆ ಅದರ ಕೊನೆಯ ಭಾಗ ಬೇರೆಯೇ ಅರ್ಥ ಪಡೆಯುತ್ತದೆ. ಹೊರಡಲು ಸಾಲ ಮಾಡುವಷ್ಟೂ ನೆಲವಿಲ್ಲದವರ ಕಥೆಗೆ ರಣದೀಪ್ ಮದ್ದೋಕೆ ಅವರ 'ಲ್ಯಾಂಡ್‌ಲೆಸ್' (2018) ಚಿತ್ರವನ್ನು ನೋಡಬೇಕು. ದಲಿತ ಕೃಷಿ ಕೂಲಿಗಳ ಬದುಕನ್ನು ಅದು ಯಾವ ಅಲಂಕಾರವೂ ಇಲ್ಲದೆ ಮುಂದಿಡುತ್ತದೆ.

ಇನ್ನು ದಾಖಲೆಯ ಪ್ರಶ್ನೆ. ರಿಚರ್ಡ್ ಕಾರ್ನಾಕ್ ಟೆಂಪಲ್ 1884ರಿಂದ ಪ್ರಕಟಿಸತೊಡಗಿದ 'ದ ಲೆಜೆಂಡ್ಸ್ ಆಫ್ ದ ಪಂಜಾಬ್' ಸಂಪುಟಗಳಿಗೆ ಹಾಡುಗಾರರ ಬಾಯಿಂದ ಕೇಳಿ ಬರೆದುಕೊಂಡವರು ಮುನ್ಷಿಗಳು. ಅಲ್ಲಿ ಪಠ್ಯ ಉಳಿಯಿತು; ಉಸಿರು, ಕೈಸನ್ನೆ, ಕೇಳುಗರ ಹೂಂಗುಟ್ಟುವಿಕೆ ಉಳಿಯಲಿಲ್ಲ. ಮಸಿಯ ಕಾಲದಲ್ಲಿ ಕಳೆದುಹೋದದ್ದನ್ನು ಕ್ಯಾಮೆರಾ ಮರಳಿ ಕೊಡಬಲ್ಲದು. 2002ರಿಂದ 2006ರವರೆಗೆ ಅಲೆಮಾರಿ ಗಾಯಕರೊಡನೆ ಪಂಜಾಬಿನಲ್ಲಿ ಸುತ್ತಾಡಿ ಗುರ್ವಿಂದರ್ ಸಿಂಗ್ ಮಾಡಿದ ಕೆಲಸ, ಅದರಿಂದ ಹೊಮ್ಮಿದ 'ಪಾಲಾ' ಎಂಬ ಸಾಕ್ಷ್ಯಚಿತ್ರ ಈ ದಿಸೆಯವು. ಅವರ ಮುಂದಿನ ಕಥಾಚಿತ್ರ 'ಅನ್ಹೇ ಘೋಡೇ ದಾ ದಾನ್' (2011) ಚಿತ್ರದ ನಿಧಾನಕ್ಕೆ ಈ ಅಲೆದಾಟವೇ ಮೂಲವಿರಬೇಕು. ಆದರೆ ಚಿತ್ರವೂ ಒಂದು ಬಗೆಯ ಮುನ್ಷಿಯೇ. ಅರ್ಧ ತಾಸು ಹಾಡಿದ ಕವ್ವಾಲಿ ಪರದೆಯ ಮೇಲೆ ಎರಡು ನಿಮಿಷಕ್ಕೆ ಇಳಿಯುತ್ತದೆ. ಅಡಿಬರಹದಲ್ಲಿ 'ಇಶ್ಕ್' ಬರೀ ಪ್ರೀತಿಯಾಗುತ್ತದೆ, 'ಪೀರ್' ಬರೀ ಸಂತನಾಗುತ್ತಾನೆ. ಇಂಗ್ಲಿಷಿನ ಅಡಿಬರಹವನ್ನೇ ನೆಚ್ಚಿ ಪಂಜಾಬಿ ಹಾಡನ್ನು ಅರ್ಥಮಾಡಿಕೊಳ್ಳುವ ನಮ್ಮಂಥವರಿಗೆ ಇದು ಎರಡು ಪಟ್ಟು ನಷ್ಟ. 'ದರ್ಗಾ', 'ಉರುಸು', 'ಪೀರ', 'ಫಕೀರ' ಪದಗಳು ಕನ್ನಡದಲ್ಲಿ ಮೊದಲೇ ಇರುವಾಗ ಈ ಚಿತ್ರಗಳಿಗೆ ನೇರ ಕನ್ನಡ ಅಡಿಬರಹ ಸಿದ್ಧಪಡಿಸುವುದು ಕಷ್ಟದ ಕೆಲಸವೂ ಅಲ್ಲ.

ಕರ್ನಾಟಕದಲ್ಲಿ ಎಚ್.ಎಲ್. ನಾಗೇಗೌಡರು ಜಾನಪದ ಲೋಕದಲ್ಲಿ ಧ್ವನಿ ಮತ್ತು ದೃಶ್ಯ ದಾಖಲೆಗಳನ್ನು ಕೂಡಿಟ್ಟದ್ದನ್ನು ಬಲ್ಲ ಗ್ರಂಥಾಲಯಗಳಿಗೆ ಇಲ್ಲಿ ಮಾಡಬಹುದಾದ ಕೆಲಸವಿದೆ. ಚಿತ್ರದ ಪ್ರತಿಯೊಂದನ್ನು ಕೊಂಡು ಕಪಾಟಿನಲ್ಲಿಟ್ಟರೆ ಸಾಲದು. ನಿರ್ದೇಶಕರ ಬಳಿ ಇರಬಹುದಾದ ಕತ್ತರಿಸದ ಮೂಲ ದೃಶ್ಯಗಳು, ಗುರುಮುಖಿಯಲ್ಲಿ ಬರೆದಿಟ್ಟ ಹಾಡಿನ ಪೂರ್ಣಪಾಠ, ಹಾಡಿದವರ ಹೆಸರು, ಊರು, ವಾದ್ಯಗಳ ವಿವರ ಇವನ್ನೂ ಕೇಳಿ ಪಡೆಯಬೇಕು. 'ರಬ್ಬಾ ಹುಣ್ ಕೀ ಕರಿಯೇ' ಚಿತ್ರದಲ್ಲಿ ಮಾತನಾಡಿದ ತಲೆಮಾರಿನವರು 2007ರಲ್ಲಿಯೇ ಎಪ್ಪತ್ತು ದಾಟಿದ್ದರು.